ನೆರಳಿನ ನಡುವೆ ಬೆಳಕು

ಬೆಳಕು ನೇರವಾಗಿ ಸಾಗುತ್ತದೆಂಬುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಕಿಟಕಿಯ ಸಂದಿನಿಂದ ಕತ್ತಲೆಯ ಕೋಣೆಯೊಳಕ್ಕೆ ನುಗ್ಗಿದ ಬಿಸಿಲುಕೋಲು ಎಲ್ಲಿಯೂ ಬಾಗದೆ ಎದುರಿನ ಗೋಡೆಯನ್ನು ಮುಟ್ಟುತ್ತದೆ. ಅಡ್ಡ ಬಂದ ವಸ್ತುವಿನ ಹಿಂದೆ ಅದರದೇ ಆಕಾರದ ನೆರಳು ಬೀಳುತ್ತದೆ. ಆದರೆ ನೆರಳಿನ ಅಂಚನ್ನು ಹತ್ತಿರದಿಂದ ಪರೀಕ್ಷಿಸಿದವರಿಗೆ ವಿಷಯ ಅಷ್ಟು ಸರಳವಾಗಿ ತೋರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಗ್ರಿಮಾಲ್ಡಿ ಎಂಬ ಪಾದ್ರಿಯು ಸಣ್ಣ ರಂಧ್ರದಿಂದ ಬಂದ ಬಿಸಿಲಿನಲ್ಲಿ ಕಿರಿದಾದ ವಸ್ತುಗಳನ್ನಿರಿಸಿ, ಅವುಗಳ ನೆರಳು ಲೆಕ್ಕಕ್ಕಿಂತ ಅಗಲವಾಗಿರುವುದನ್ನೂ ಅಂಚಿನುದ್ದಕ್ಕೂ ಬಣ್ಣದ ಪಟ್ಟೆಗಳು ಮೂಡಿರುವುದನ್ನೂ ಕಂಡನು. ಅಡ್ಡಿಯ ಅಂಚಿನಲ್ಲಿ ಬೆಳಕು ಹೀಗೆ ಹರಡಿಕೊಳ್ಳುವುದಕ್ಕೆ ವಿವರ್ತನೆ ಎಂದು ಹೆಸರು. ಗ್ರಿಮಾಲ್ಡಿಯ ಗ್ರಂಥವು ಅವನ ಮರಣಾನಂತರ 1665ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಒಗಟು ಬಿಡಿಸಲ್ಪಡಲು ಒಂದೂವರೆ ಶತಮಾನ ಕಾಯಬೇಕಾಯಿತು.

ಬೆಳಕಿನ ಸ್ವರೂಪವನ್ನು ಕುರಿತು ಆಗ ಎರಡು ಅಭಿಪ್ರಾಯಗಳಿದ್ದವು. ಬೆಳಕು ಒಂದು ಮಾಧ್ಯಮದಲ್ಲಿ ಹರಡುವ ಅಲೆಯೆಂದೂ, ಅಲೆಯ ಮುಂಚೂಣಿಯಲ್ಲಿರುವ ಪ್ರತಿಯೊಂದು ಬಿಂದುವೂ ಹೊಸ ಕಿರುಅಲೆಗಳನ್ನು ಹೊರಡಿಸುತ್ತದೆಂದೂ ಹಾಲೆಂಡಿನ ಹೈಗೆನ್ಸ್ 1690ರಲ್ಲಿ ಪ್ರತಿಪಾದಿಸಿದನು. ಇಂಗ್ಲೆಂಡಿನ ನ್ಯೂಟನ್ ಬೆಳಕನ್ನು ಅತಿ ವೇಗದಿಂದ ಧಾವಿಸುವ ಕಣಗಳ ಪ್ರವಾಹವೆಂದು ಭಾವಿಸಲು ಒಲವು ತೋರಿದನು. ಬೆಳಕು ಅಲೆಯಾಗಿದ್ದ ಪಕ್ಷದಲ್ಲಿ, ಧ್ವನಿಯು ಮೂಲೆಯನ್ನು ಬಳಸಿ ಬರುವಂತೆ ಅದೂ ಬಳಸಿ ಬರಬೇಕಾಗಿತ್ತಲ್ಲವೆ ಎಂಬುದು ಕಣವಾದಿಗಳ ಬಲವಾದ ಆಕ್ಷೇಪಣೆ. ನ್ಯೂಟನ್ನನ ಹೆಸರಿನ ಬಲವೂ ಅದರೊಡನೆ ಸೇರಿದುದರಿಂದ ಹದಿನೆಂಟನೆಯ ಶತಮಾನವಿಡೀ ಕಣವಾದವೇ ಮೆರೆಯಿತು. ಅದನ್ನು ಅಲುಗಿಸಿದವನು ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ರಸ್ತೆ ಮಾಡಿಸುವುದು ವೃತ್ತಿಯಾಗಿದ್ದ ಒಬ್ಬ ಸರ್ಕಾರಿ ಎಂಜಿನಿಯರು. ಅವನೇ ಆಗಸ್ಟಿನ್ ಫ್ರೆನೆಲ್.

ಫ್ರೆನೆಲ್ ಹುಟ್ಟಿದುದು 1788ರ ಮೇ 10ರಂದು, ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದ ಬ್ರೋಗ್ಲಿ ಎಂಬ ಊರಿನಲ್ಲಿ. ತಂದೆ ವಾಸ್ತುಶಿಲ್ಪಿ, ಆ ಊರಿನ ಒಡೆಯನಾದ ಬ್ರೋಗ್ಲಿ ಮನೆತನದ ಸೇನಾನಿಯ ಅರಮನೆಯ ಕೆಲಸದಲ್ಲಿದ್ದನು. ಬೆಳಕಿನಂತೆಯೇ ದ್ರವ್ಯಕ್ಕೂ ಅಲೆಯ ಗುಣವುಂಟೆಂದು 1924ರಲ್ಲಿ ಸಾರಿದ ಲೂಯಿ ಡಿ ಬ್ರೋಗ್ಲಿ ಇದೇ ಮನೆತನದವನೆಂಬುದು ಒಂದು ಸೊಗಸಾದ ಆಕಸ್ಮಿಕ. ಫ್ರೆನೆಲ್ ಹುಟ್ಟಿದ ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಭುಗಿಲೆದ್ದಿತು. ಕೆಲವು ವರ್ಷಗಳಲ್ಲಿ ಕುಟುಂಬವು ಕಾನ್ ನಗರದ ಸಮೀಪದಲ್ಲಿದ್ದ ಮಾತ್ಯೂ ಎಂಬ ಹಳ್ಳಿಗೆ ಬಂದು ನೆಲೆಸಿತು. ತಂದೆತಾಯಿಗಳು ದೈವಭಕ್ತರು, ಕಟ್ಟುನಿಟ್ಟಿನ ನಡವಳಿಕೆಯವರು. ಆ ಶ್ರದ್ಧೆ ಮಗನಲ್ಲಿ ಕಡೆಯವರೆಗೂ ಉಳಿಯಿತು.

ಬಾಲಕನ ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಪಾಠಗಳನ್ನು ಬಾಯಿಪಾಠ ಮಾಡುವುದೆಂದರೆ ಅವನಿಗೆ ಆಗದು. ಎಂಟು ವರ್ಷ ತುಂಬಿದರೂ ಓದು ಸರಿಯಾಗಿ ಬರುತ್ತಿರಲಿಲ್ಲ. ಆದರೆ ಆಟದ ಬಿಲ್ಲು, ಆಟದ ಕೋವಿಗಳನ್ನು ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾವ ಮರದ ಕೊಂಬೆ ಹೆಚ್ಚು ಬಾಗುತ್ತದೆ, ಹಸಿಯದು ಮೇಲೋ ಒಣಗಿದುದು ಮೇಲೋ, ಕೊಳವೆ ಎಷ್ಟು ಉದ್ದವಿದ್ದರೆ ಗುಂಡು ದೂರ ಹೋಗುತ್ತದೆ ಎಂದು ಒಂದೊಂದನ್ನೂ ಪರೀಕ್ಷಿಸಿ ನೋಡುತ್ತಿದ್ದನು. ಅವನ ಆಟಿಕೆಗಳು ನಿಜವಾದ ಆಯುಧಗಳಷ್ಟೇ ಅಪಾಯಕಾರಿಯಾಗಲು, ಹಿರಿಯರು ಅವನ್ನು ನಿಷೇಧಿಸಬೇಕಾಯಿತು. ಮನೆಯವರು ಅವನನ್ನು ಮಂದಮತಿಯೆಂದು ತಿಳಿದಿದ್ದಾಗ ಜೊತೆಯ ಹುಡುಗರು ಮೇಧಾವಿಯೆಂದು ಕರೆಯುತ್ತಿದ್ದರು. ಹುಡುಗರ ಎಣಿಕೆಯೇ ನಿಜವಾಯಿತು.

ಹದಿನಾರನೆಯ ವಯಸ್ಸಿನಲ್ಲಿ, 1804ರಲ್ಲಿ, ಫ್ರೆನೆಲ್ ಪ್ಯಾರಿಸ್ಸಿನ ಪ್ರಸಿದ್ಧ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿದನು. ಅಲ್ಲಿ ರೇಖಾಗಣಿತದ ಒಂದು ಸಮಸ್ಯೆಯನ್ನು ಅವನು ಬಿಡಿಸಿದ ರೀತಿಯನ್ನು ನೋಡಿ ಗಣಿತಜ್ಞ ಲೆಜಾಂಡ್ರ್ ಮೆಚ್ಚಿಕೊಂಡನು. ಅನಂತರ ಸೇತುವೆ ಮತ್ತು ರಸ್ತೆಗಳ ಶಾಲೆಯಲ್ಲಿ ತರಬೇತಿ ಪಡೆದು, 1809ರಲ್ಲಿ ಸರ್ಕಾರಿ ಎಂಜಿನಿಯರ್ ಆದನು. ಅದೇ ವರ್ಷ ಸೈನ್ಯದಲ್ಲಿದ್ದ ಅಣ್ಣ ಸ್ಪೇನಿನ ಯುದ್ಧದಲ್ಲಿ ಮಡಿದನು.

ಮುಂದಿನ ಕೆಲವು ವರ್ಷಗಳು ಹೊರನೋಟಕ್ಕೆ ನೀರಸವಾದವು. ಮೊದಲು ವಾಂಡೇ ಪ್ರಾಂತದಲ್ಲಿಯೂ, 1812ರಿಂದ ಫ್ರಾನ್ಸಿನ ಆಗ್ನೇಯ ಭಾಗದ ನಿಯೋನ್ಸ್ ಎಂಬಲ್ಲಿಯೂ ರಸ್ತೆಗಳ ಕಾಮಗಾರಿ. ಕೂಲಿಯಾಳುಗಳ ಮೇಲ್ವಿಚಾರಣೆ, ಲೆಕ್ಕಪತ್ರ, ಕಂಟ್ರಾಕ್ಟುದಾರರೊಡನೆ ವಾಗ್ವಾದ. ಇತರರ ತಪ್ಪುಗಳನ್ನು ಹುಡುಕಿ ಗದರಿಸುವ ಈ ಕೆಲಸ ಸಂಕೋಚದ ಸ್ವಭಾವದ ಫ್ರೆನೆಲ್ಲನಿಗೆ ಹಿಡಿಸಲಿಲ್ಲ. ಸಂಜೆಯ ಬಿಡುವಿನಲ್ಲಿ ಅವನ ಮನಸ್ಸು ಬೆಳಕಿನ ಕಡೆಗೆ ಹರಿಯತೊಡಗಿತು. ಹತ್ತಿರದಲ್ಲಿ ಗ್ರಂಥಾಲಯವಾಗಲಿ ಮಾತನಾಡಿಸುವ ವಿದ್ವಾಂಸರಾಗಲಿ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಎಲ್ಲರೂ ಚರ್ಚಿಸುತ್ತಿದ್ದ ಬೆಳಕಿನ ಧ್ರುವೀಕರಣವೆಂದರೇನೆಂದು ತಿಳಿಯದೆ, 1814ರಲ್ಲಿ ಅವನು ತಮ್ಮನಿಗೆ ಕಾಗದ ಬರೆದು ವಿಚಾರಿಸಿದನು. ಆ ವಿಷಯಕ್ಕೆ ಹೊಸ ರೂಪ ಕೊಟ್ಟವನು ಏಳೇ ವರ್ಷಗಳ ತರುವಾಯ ಇವನೇ ಆದನೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

1815ರ ಮಾರ್ಚ್ ತಿಂಗಳಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಫ್ರಾನ್ಸಿಗೆ ಹಿಂದಿರುಗಿದನು. ರಾಜಪಕ್ಷದ ಬಗ್ಗೆ ನಿಷ್ಠೆಯಿದ್ದ ಫ್ರೆನೆಲ್ ತನ್ನ ದುರ್ಬಲ ದೇಹವನ್ನು ಲೆಕ್ಕಿಸದೆ, ನೆಪೋಲಿಯನ್ನನನ್ನು ಎದುರಿಸಲು ಹೊರಟ ಪಡೆಯನ್ನು ಸೇರಿಕೊಂಡನು. ಆ ಪಡೆ ಬೇಗನೆ ಚದುರಿಹೋಯಿತು. ಫ್ರೆನೆಲ್ ಕೆಲಸ ಕಳೆದುಕೊಂಡು ಪೊಲೀಸರ ಕಣ್ಗಾವಲಿಗೆ ಒಳಗಾದನು. ತಾಯಿಯಿದ್ದ ಮಾತ್ಯೂ ಹಳ್ಳಿಗೆ ಹೋಗಲು ಅವನಿಗೆ ಅನುಮತಿ ದೊರೆಯಿತು. ದಾರಿಯಲ್ಲಿ ಪ್ಯಾರಿಸ್ಸಿನಲ್ಲಿ ತಂಗಿದಾಗ ಅವನು ಖಗೋಳಜ್ಞ ಅರಾಗೋವನ್ನು ಕಂಡನು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ವಿವರ್ತನೆಯ ವಿಷಯದಲ್ಲಿ ಓದಬೇಕಾದ ಗ್ರಂಥಕರ್ತರ ಹೆಸರುಗಳನ್ನು ಅರಾಗೋ ಬರೆದುಕೊಟ್ಟನು. ಅದರಲ್ಲಿ ಇಂಗ್ಲೆಂಡಿನ ವೈದ್ಯನಾದ ಥಾಮಸ್ ಯಂಗ್‌ನ ಹೆಸರೂ ಇತ್ತು. ಫ್ರೆನೆಲ್ಲನಿಗೆ ಇಂಗ್ಲಿಷ್ ಬಾರದು. ಹಳ್ಳಿಯಲ್ಲಿ ಆ ಪುಸ್ತಕಗಳೂ ಸಿಕ್ಕುವಂತಿರಲಿಲ್ಲ. ಪುಸ್ತಕಗಳಿಲ್ಲದೆಯೇ ಅವನು ಕೆಲಸಕ್ಕೆ ತೊಡಗಿದನು.

ಆ ಬೇಸಗೆಯಲ್ಲಿ ಮಾತ್ಯೂ ಹಳ್ಳಿಯ ಮನೆಯೇ ಅವನ ಪ್ರಯೋಗಶಾಲೆ. ವಿವರ್ತನೆಯ ಪಟ್ಟೆಗಳು ಸ್ಪಷ್ಟವಾಗಿ ಕಾಣಬೇಕಾದರೆ ಬೆಳಕು ಒಂದೇ ಬಿಂದುವಿನಿಂದ ಹೊರಟಂತಿರಬೇಕು. ಸಣ್ಣ ರಂಧ್ರವೊಂದರಿಂದಲೇ ಬಿಸಿಲನ್ನು ಒಳಕ್ಕೆ ಬಿಟ್ಟುಕೊಂಡರೆ, ಸೂರ್ಯನು ಸರಿದಂತೆ ಬೆಳಕಿನ ಕೋಲೂ ಸರಿದುಹೋಗುತ್ತದೆ. ಸೂರ್ಯನನ್ನು ಹಿಂಬಾಲಿಸುವ ಕನ್ನಡಿಯಂತ್ರ ಅವನಲ್ಲಿರಲಿಲ್ಲ. ಅದಕ್ಕೆ ಬದಲಾಗಿ, ತಾಮ್ರದ ತಗಡಿನಲ್ಲಿ ಕೊರೆದ ಸಣ್ಣ ರಂಧ್ರದ ಮೇಲೆ ಒಂದು ತೊಟ್ಟು ಜೇನುತುಪ್ಪವನ್ನಿಟ್ಟನು. ಉಬ್ಬಿ ನಿಂತ ಆ ಜೇನಹನಿಯೇ ಪ್ರಬಲವಾದ ಮಸೂರವಾಗಿ ಬಿಸಿಲನ್ನು ಬಿಂದುವಿಗೆ ತಂದಿತು. ಪಟ್ಟೆಗಳ ನಡುವಿನ ಅಂತರವನ್ನು ಅಳೆಯಲು ದಾರ ಮತ್ತು ರಟ್ಟಿನ ತುಂಡುಗಳಿಂದ ತಾನೇ ಒಂದು ಮಾಪಕವನ್ನು ರಚಿಸಿಕೊಂಡನು. ಲೋಹದ ಆಧಾರಗಳನ್ನು ಊರಿನ ಬೀಗ ಮಾಡುವವನು ಮಾಡಿಕೊಟ್ಟನು. ಇಷ್ಟೇ ಅವನ ಸಲಕರಣೆ.

ಸಲಕರಣೆ ಒರಟಾಗಿದ್ದರೂ ನೋಟ ಸೂಕ್ಷ್ಮವಾಗಿತ್ತು. ಹಿಂದಿನವರೆಲ್ಲರೂ ಪಟ್ಟೆಗಳನ್ನು ಪರದೆಯ ಮೇಲೆ ಬೀಳಿಸಿ ನೋಡುತ್ತಿದ್ದರು. ಅಡ್ಡಿಯ ತೀರ ಸಮೀಪದಲ್ಲಿ ಪಟ್ಟೆಗಳು ಅತಿ ಸಣ್ಣವಾದುದರಿಂದ ಪರದೆಯ ಮೇಲೆ ಅವು ಕಾಣುವುದೇ ಇಲ್ಲ. ಫ್ರೆನೆಲ್ ಪರದೆಯನ್ನು ತೆಗೆದುಹಾಕಿ, ಮಸೂರದ ಮೂಲಕ ನೇರವಾಗಿ ಬೆಳಕಿನ ಕಡೆಗೇ ನೋಡಿದನು. ಪಟ್ಟೆಗಳು ಗಾಳಿಯಲ್ಲಿ ತೇಲುತ್ತಿರುವಂತೆ ನಿಚ್ಚಳವಾಗಿ ಕಂಡವು. ಇದರಿಂದ ಅಡ್ಡಿಯ ಅಂಚಿನವರೆಗೂ ಅವುಗಳ ಜಾಡನ್ನು ಹಿಡಿಯುವುದು ಸಾಧ್ಯವಾಯಿತು. ಆಗ ಬಹು ಮುಖ್ಯವಾದ ಒಂದು ಅಂಶ ಹೊರಬಿದ್ದಿತು. ನೆರಳಿನ ಹೊರಗಿನ ಒಂದು ಪಟ್ಟೆಯು ಅಡ್ಡಿಯಿಂದ ದೂರ ಸರಿದಂತೆಲ್ಲ ಸರಳರೇಖೆಯಲ್ಲಿ ಸಾಗದೆ ವಕ್ರರೇಖೆಯಲ್ಲಿ ಸಾಗುತ್ತಿತ್ತು. ಅಂಚಿನ ಆಕರ್ಷಣೆಯಿಂದ ದಾರಿತಪ್ಪಿದ ಕಣಗಳು ಪಟ್ಟೆಗೆ ಕಾರಣವಾಗಿದ್ದ ಪಕ್ಷದಲ್ಲಿ, ಅಂಚನ್ನು ದಾಟಿದ ಮೇಲೆ ಅವು ನೇರವಾಗಿ ಹೋಗಬೇಕಾಗಿತ್ತು. ಅಲೆಗಳ ಲೆಕ್ಕದಂತೆ ಮಾತ್ರ ಆ ಮಾರ್ಗ ವಕ್ರವಾಗುವುದು ಸಹಜ.

ಇನ್ನೊಂದು ಪ್ರಯೋಗ ಇದಕ್ಕಿಂತಲೂ ಸರಳ. ತೆಳುವಾದ ತಂತಿಯೊಂದನ್ನು ಬೆಳಕಿಗೆ ಅಡ್ಡಲಾಗಿ ಹಿಡಿದರೆ ಅದರ ನೆರಳಿನ ಒಳಗೂ ಕಪ್ಪುಬಿಳಿ ಪಟ್ಟೆಗಳು ಕಾಣುತ್ತವೆ. ಫ್ರೆನೆಲ್ ತಂತಿಯ ಒಂದು ಮಗ್ಗುಲಿಗೆ ಕಾಗದದ ಚೂರನ್ನು ಅಂಟಿಸಿ ಆ ಬದಿಯ ಬೆಳಕನ್ನು ತಡೆದನು. ಕೂಡಲೇ ಒಳಗಿನ ಪಟ್ಟೆಗಳೆಲ್ಲವೂ ಮಾಯವಾದವು. ಇನ್ನೊಂದು ಬದಿಯ ಬೆಳಕು ಮೊದಲಿನಂತೆಯೇ ಬರುತ್ತಿತ್ತು; ಆದರೂ ಪಟ್ಟೆಗಳಿಲ್ಲ. ಹಾಗಾದರೆ ಪಟ್ಟೆಗಳು ಉಂಟಾಗಲು ಎರಡೂ ಬದಿಯ ಬೆಳಕು ಕೂಡಬೇಕು. ಕೆರೆಯ ನೀರಿಗೆ ಎರಡು ಕಲ್ಲುಗಳನ್ನು ಅಕ್ಕಪಕ್ಕದಲ್ಲಿ ಎಸೆದರೆ ಎರಡು ಸಾಲು ಅಲೆಗಳೆದ್ದು ಒಂದನ್ನೊಂದು ದಾಟುವುದನ್ನು ಕಾಣಬಹುದು. ಉಬ್ಬಿನ ಮೇಲೆ ಉಬ್ಬು ಬಂದ ಕಡೆ ನೀರು ಮತ್ತಷ್ಟು ಏಳುತ್ತದೆ. ಉಬ್ಬೂ ತಗ್ಗೂ ಸಂಧಿಸಿದ ಕಡೆ ನೀರು ಅಲುಗದೆ ನಿಲ್ಲುತ್ತದೆ. ಬೆಳಕಿನಲ್ಲಿಯೂ ಹೀಗೆಯೇ. ಬೆಳಕಿಗೆ ಬೆಳಕು ಸೇರಿ ಕತ್ತಲೆಯಾಗುವುದು ಕಣಗಳಿಂದ ಆಗುವ ಮಾತಲ್ಲ. ಅಲೆಗಳಿಂದ ಮಾತ್ರ ಸಾಧ್ಯ. ಇದೇ ವ್ಯತಿಕರಣ.

1815ರ ಅಕ್ಟೋಬರಿನಲ್ಲಿ ಫ್ರೆನೆಲ್ ತನ್ನ ಮೊದಲನೆಯ ಪ್ರಬಂಧವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಕಳುಹಿಸಿದನು. ಅದನ್ನು ಪರಿಶೀಲಿಸುವ ಕೆಲಸ ಅರಾಗೋವಿನ ಪಾಲಿಗೆ ಬಂದಿತು. ಪ್ರಬಂಧವನ್ನು ಓದಿ ಅವನು ಉತ್ಸಾಹಗೊಂಡನು. ಆದರೆ ಲೇಖಕನಿಗೆ ಒಂದು ಅಪ್ರಿಯವಾದ ಸಂಗತಿಯನ್ನೂ ತಿಳಿಸಬೇಕಾಯಿತು. ವ್ಯತಿಕರಣದ ತತ್ತ್ವವನ್ನು ಯಂಗ್ 1801ರಲ್ಲಿಯೇ ಸಾರಿದ್ದನು. ನೆರಳಿನ ಒಂದು ಬದಿಯನ್ನು ಮರೆಮಾಡಿ ಪಟ್ಟೆಗಳನ್ನು ಅಳಿಸುವ ಪ್ರಯೋಗವನ್ನೂ ಅವನು ಹತ್ತು ಹನ್ನೆರಡು ವರ್ಷಗಳ ಹಿಂದೆಯೇ ಮಾಡಿದ್ದನು. ಸ್ವದೇಶದಲ್ಲಿ ಅಪಹಾಸ್ಯಕ್ಕೆ ಗುರಿಯಾದ ಯಂಗ್‌ನ ವಿಚಾರಗಳು ಫ್ರಾನ್ಸಿನಲ್ಲಿ ಬಹುಮಟ್ಟಿಗೆ ಅಜ್ಞಾತವಾಗಿದ್ದವು. ಫ್ರೆನೆಲ್ 1816ರಲ್ಲಿ ಯಂಗ್‌ಗೆ ಸೌಜನ್ಯಪೂರ್ಣವಾದ ಪತ್ರ ಬರೆದು, ಮೊದಲಿಗನ ಗೌರವ ಅವನಿಗೇ ಸಲ್ಲತಕ್ಕದ್ದೆಂದು ಒಪ್ಪಿಕೊಂಡನು. ಅದೇ ವರ್ಷ ಅರಾಗೋ ಮತ್ತು ಗೇ-ಲುಸಾಕ್ ಲಂಡನ್ನಿನಲ್ಲಿ ಯಂಗ್‌ನನ್ನು ಕಂಡರು. ಫ್ರೆನೆಲ್ಲನ ಪ್ರಯೋಗಗಳು ಹೊಸವೆಂದು ಅತಿಥಿಗಳು ಹೇಳುತ್ತಿದ್ದಾಗ ಯಂಗ್‌ನ ಹೆಂಡತಿ ಮೌನವಾಗಿ ಎದ್ದುಹೋಗಿ, ಗಂಡನ 1807ರ ಉಪನ್ಯಾಸಗ್ರಂಥವನ್ನು ತಂದು, ಸಂಬಂಧಪಟ್ಟ ಚಿತ್ರವಿದ್ದ ಪುಟವನ್ನು ಅವರ ಮುಂದೆ ತೆರೆದಿಟ್ಟಳಂತೆ.

ಇಷ್ಟಕ್ಕೆ ಫ್ರೆನೆಲ್ ಎದೆಗುಂದಲಿಲ್ಲ. ಯಂಗ್ ಮಾಡದೆ ಬಿಟ್ಟ ಕೆಲಸ ಬೆಟ್ಟದಷ್ಟಿತ್ತು. ನೆಪೋಲಿಯನ್ನನ ಪತನದ ಬಳಿಕ ಅವನಿಗೆ ಎಂಜಿನಿಯರ್ ಹುದ್ದೆ ಮರಳಿ ದೊರೆತಿತ್ತು. ರಜೆ ಸಿಕ್ಕಿದಾಗಲೆಲ್ಲ ಪ್ಯಾರಿಸ್ಸಿಗೆ ಬಂದು ಪ್ರಯೋಗ ಮುಂದುವರಿಸುತ್ತಿದ್ದನು. ಪಟ್ಟೆಗಳಿಗೆ ವಸ್ತುವಿನ ಅಂಚೇ ಕಾರಣವೆಂದು ವಾದಿಸುವವರಿಗೆ ಉತ್ತರವಾಗಿ ಅಂಚುಗಳ ಗೊಡವೆಯೇ ಇಲ್ಲದ ಒಂದು ಪ್ರಯೋಗವನ್ನು ಅವನು ಹೂಡಿದನು. ಎರಡು ಕನ್ನಡಿಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಅತ್ಯಲ್ಪ ಕೋನದಲ್ಲಿ ಓರೆಯಾಗಿಟ್ಟು, ಒಂದೇ ಬೆಳಕಿನ ಎರಡು ಪ್ರತಿಬಿಂಬಗಳನ್ನು ಪಡೆದನು. ಅವೆರಡರಿಂದ ಬಂದ ಬೆಳಕು ಕೂಡಿದೆಡೆಯಲ್ಲಿ ಪಟ್ಟೆಗಳು ಮೂಡಿದವು. ಇಂದಿಗೂ ವಿದ್ಯಾರ್ಥಿಗಳು ಇದನ್ನು ಫ್ರೆನೆಲ್ಲನ ಜೋಡಿಕನ್ನಡಿ ಪ್ರಯೋಗವೆಂದು ಅಭ್ಯಾಸ ಮಾಡುತ್ತಾರೆ.

1817ರಲ್ಲಿ ಅಕಾಡೆಮಿಯು ವಿವರ್ತನೆಯನ್ನು ಕುರಿತ ಅತ್ಯುತ್ತಮ ಪ್ರಬಂಧಕ್ಕೆ ಬಹುಮಾನವನ್ನು ಘೋಷಿಸಿತು. ಕಣವಾದವನ್ನೇ ಒಪ್ಪಿಕೊಂಡಂತೆ ಪ್ರಶ್ನೆಯನ್ನು ರೂಪಿಸಲಾಗಿತ್ತು. ಸ್ಪರ್ಧಿಸಲು ಫ್ರೆನೆಲ್ ಹಿಂಜರಿದನು. ಅರಾಗೋ ಮತ್ತು ಆಂಪೇರ್ ಅವನನ್ನು ಒತ್ತಾಯಪಡಿಸಿ ಒಪ್ಪಿಸಿದರು. 1818ರ ಬೇಸಗೆಯಲ್ಲಿ ಅವನ ಪ್ರಬಂಧ ಸಿದ್ಧವಾಯಿತು.

ಆ ಪ್ರಬಂಧದ ತಿರುಳು ಹೀಗಿತ್ತು. ಹೈಗೆನ್ಸ್ ಹೇಳಿದಂತೆ, ಅಲೆಯ ಮುಂಚೂಣಿಯ ಪ್ರತಿ ಬಿಂದುವೂ ಕಿರುಅಲೆಗಳನ್ನು ಹೊರಡಿಸುತ್ತದೆ. ಯಂಗ್ ಹೇಳಿದಂತೆ, ಒಂದೆಡೆ ಕೂಡಿದ ಅಲೆಗಳು ಪರಸ್ಪರ ಬಲಪಡಿಸಿಕೊಳ್ಳುತ್ತವೆ ಇಲ್ಲವೆ ಅಳಿಸಿಕೊಳ್ಳುತ್ತವೆ. ಈ ಎರಡು ತತ್ತ್ವಗಳನ್ನು ಫ್ರೆನೆಲ್ ಬೆಸೆದನು. ಅಡ್ಡಿಯಿಂದ ಮರೆಯಾಗದೆ ಉಳಿದ ಮುಂಚೂಣಿಯ ಎಲ್ಲ ಬಿಂದುಗಳಿಂದ ಬರುವ ಅಸಂಖ್ಯ ಕಿರುಅಲೆಗಳನ್ನು ಗಣಿತದ ಮೂಲಕ ಕೂಡಿಸಿದರೆ ಯಾವ ಸ್ಥಳದಲ್ಲಿ ಎಷ್ಟು ಬೆಳಕಿರಬೇಕೆಂಬುದು ತಿಳಿಯುತ್ತದೆ. ಅದಕ್ಕೆ ಬೇಕಾದ ಕೋಷ್ಟಕಗಳನ್ನು ಅವನು ಕೈಯಿಂದಲೇ ಲೆಕ್ಕಮಾಡಿ ತಯಾರಿಸಿದನು. ಕೆಂಪು ಬೆಳಕನ್ನು ಉಪಯೋಗಿಸಿ, ಅದರ ಒಂದು ಅಲೆಯ ಉದ್ದ 0.000638 ಮಿಲಿಮೀಟರ್ ಎಂದು ಗೊತ್ತುಮಾಡಿದನು. ಲೆಕ್ಕದಿಂದ ಬಂದ ಪಟ್ಟೆಗಳ ಸ್ಥಾನಕ್ಕೂ ಅಳತೆಯಿಂದ ತಿಳಿದ ಸ್ಥಾನಕ್ಕೂ ಇದ್ದ ವ್ಯತ್ಯಾಸ ಅತ್ಯಲ್ಪ. ಬೆಳಕು ಏಕೆ ಮೂಲೆಯನ್ನು ಬಳಸಿ ಬರುವುದಿಲ್ಲವೆಂಬ ಹಳೆಯ ಆಕ್ಷೇಪಣೆಗೂ ಇಲ್ಲಿ ಉತ್ತರ ಸಿಕ್ಕಿತು. ಧ್ವನಿಯ ಅಲೆಗಳು ಅಡಿಗಳ ಲೆಕ್ಕದಲ್ಲಿ ಉದ್ದವಾದವು. ಬೆಳಕಿನ ಅಲೆಗಳಾದರೋ ಒಂದು ಮಿಲಿಮೀಟರಿನಲ್ಲಿ ಸಾವಿರಕ್ಕೂ ಹೆಚ್ಚು ಹಿಡಿಸುವಷ್ಟು ಕಿರಿದು. ಆದುದರಿಂದ ನೆರಳಿನ ಒಳಕ್ಕೆ ಹರಡಲು ಹೊರಟ ಕಿರುಅಲೆಗಳು ಅಂಚಿನಿಂದ ಸ್ವಲ್ಪ ದೂರದಲ್ಲಿಯೇ ಒಂದನ್ನೊಂದು ಅಳಿಸಿಹಾಕುತ್ತವೆ.

ತೀರ್ಪುಗಾರರು ಐವರು: ಲಾಪ್ಲಾಸ್, ಬಯೋ, ಪ್ವಾಸೋನ್, ಗೇ-ಲುಸಾಕ್ ಮತ್ತು ಅರಾಗೋ. ಇವರಲ್ಲಿ ಮೊದಲಿನ ಮೂವರು ದೃಢವಾದ ಕಣವಾದಿಗಳು. ಅದರಲ್ಲಿಯೂ ಪ್ವಾಸೋನ್ ಅಸಾಧಾರಣ ಗಣಿತಜ್ಞ. ಅವನು ಫ್ರೆನೆಲ್ಲನ ಸಮೀಕರಣಗಳನ್ನು ಕೈಗೆತ್ತಿಕೊಂಡು, ಫ್ರೆನೆಲ್ ತಾನೇ ಬಿಡಿಸದೆ ಬಿಟ್ಟಿದ್ದ ಒಂದು ಪ್ರಸಂಗಕ್ಕೆ ಅವನ್ನು ಅನ್ವಯಿಸಿದನು. ಗುಂಡಾದ ಒಂದು ಬಿಲ್ಲೆಯನ್ನು ಬೆಳಕಿಗೆ ಅಡ್ಡ ಇಟ್ಟರೆ ಅದರ ನೆರಳಿನ ಕೇಂದ್ರದಲ್ಲಿ ಏನಿರಬೇಕು? ಬಿಲ್ಲೆಯ ಅಂಚಿನ ಎಲ್ಲ ಬಿಂದುಗಳೂ ಆ ಕೇಂದ್ರಕ್ಕೆ ಸಮಾನ ದೂರದಲ್ಲಿರುತ್ತವೆ. ಆದಕಾರಣ ಸುತ್ತಲಿನಿಂದಲೂ ಬರುವ ಅಲೆಗಳು ಅಲ್ಲಿ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ಬಂದು ಸೇರಬೇಕು. ಫ್ರೆನೆಲ್ಲನ ಸಿದ್ಧಾಂತ ನಿಜವಾದರೆ ಕಗ್ಗತ್ತಲೆಯ ನೆರಳಿನ ನಟ್ಟನಡುವೆ, ಬಿಲ್ಲೆಯೇ ಇಲ್ಲವೇನೋ ಎಂಬಂತೆ, ಒಂದು ಬೆಳಕಿನ ಚುಕ್ಕೆ ಹೊಳೆಯಬೇಕು! ಇಂಥ ಅಸಂಬದ್ಧವಾದ ಫಲವನ್ನು ಕೊಡುವ ಸಿದ್ಧಾಂತವು ನಿಲ್ಲಲಾರದೆಂಬುದು ಪ್ವಾಸೋನನ ಎಣಿಕೆ.

ಸಿದ್ಧಾಂತದ ಅಳಿವು ಉಳಿವು ಈಗ ಒಂದು ಚುಕ್ಕೆಯನ್ನು ಅವಲಂಬಿಸಿತು. ತರ್ಕದಿಂದ ತೀರ್ಮಾನವಾಗದುದನ್ನು ಕಣ್ಣಿಂದ ನೋಡಿ ತೀರ್ಮಾನಿಸಲು ಅರಾಗೋ ನಿಶ್ಚಯಿಸಿದನು. 2 ಮಿಲಿಮೀಟರ್ ವ್ಯಾಸದ ಲೋಹದ ಬಿಲ್ಲೆಯೊಂದನ್ನು ಗಾಜಿನ ಫಲಕದ ಮೇಲೆ ಮೇಣದಿಂದ ಅಂಟಿಸಿ, ಬಿಂದುವಿನಿಂದ ಹೊರಟ ಬೆಳಕನ್ನು ಅದರ ಮೇಲೆ ಹಾಯಿಸಿ, ಹಿಂದಿನಿಂದ ನೋಡಿದನು. ನೆರಳಿನ ನಡುವೆ ಚುಕ್ಕೆಯಿತ್ತು. ಸಿದ್ಧಾಂತವನ್ನು ಉರುಳಿಸಲೆಂದು ಎತ್ತಿದ ಆಯುಧವೇ ಅದಕ್ಕೆ ಊರುಗೋಲಾಯಿತು. 1819ರಲ್ಲಿ ಬಹುಮಾನವು ಫ್ರೆನೆಲ್ಲನಿಗೆ ಸಂದಿತು. ಸುಮಾರು ನೂರು ವರ್ಷಗಳ ಹಿಂದೆ, ಪ್ಯಾರಿಸ್ಸಿನಲ್ಲಿಯೇ ಇದ್ದ ಡೆಲಿಲ್ ಮತ್ತು ಮರಾಲ್ಡಿ ಎಂಬ ಇಬ್ಬರು ಖಗೋಳಜ್ಞರು ಇಂಥ ಚುಕ್ಕೆಯನ್ನು ಕಂಡಿದ್ದರೆಂಬುದು ಆಮೇಲೆ ಬೆಳಕಿಗೆ ಬಂದಿತು. ಕಾರಣ ತಿಳಿಯದೆ ಕಂಡ ನೋಟವನ್ನು ಜನ ಮರೆತೇಬಿಟ್ಟಿದ್ದರು. ವಿಚಿತ್ರವೆಂದರೆ, ಆ ಚುಕ್ಕೆಗೆ ಇಂದು ಅದನ್ನು ಅಲ್ಲಗಳೆಯಲು ಹೊರಟ ಪ್ವಾಸೋನನ ಹೆಸರೇ ನಿಂತಿದೆ. ಪ್ವಾಸೋನ್ ಆಗಲಿ ಬಯೋ ಆಗಲಿ ಈ ಸೋಲಿನಿಂದ ತಮ್ಮ ಪಕ್ಷವನ್ನು ಬಿಡಲಿಲ್ಲ. ಆದರೆ ಕಿರಿಯ ವಿಜ್ಞಾನಿಗಳು ಬಹುಬೇಗ ಫ್ರೆನೆಲ್ಲನ ಕಡೆಗೆ ತಿರುಗಿದರು.

ತರಂಗವಾದಿಗಳನ್ನೇ ತಬ್ಬಿಬ್ಬುಗೊಳಿಸುತ್ತಿದ್ದ ಒಂದು ತೊಡಕು ಇನ್ನೂ ಉಳಿದಿತ್ತು. ಐಸ್‌ಲೆಂಡಿನ ಸ್ಫಟಿಕದ ಮೂಲಕ ಹಾಯ್ದ ಬೆಳಕು ಎರಡು ಕಿರಣಗಳಾಗಿ ಒಡೆಯುತ್ತದೆ. ಲಂಬ ದಿಕ್ಕುಗಳಲ್ಲಿ ಧ್ರುವೀಕೃತವಾದ ಆ ಎರಡು ಕಿರಣಗಳು ಎಷ್ಟು ಪ್ರಯತ್ನಿಸಿದರೂ ವ್ಯತಿಕರಣದ ಪಟ್ಟೆಗಳನ್ನು ಕೊಡವು. ಫ್ರೆನೆಲ್ ಮತ್ತು ಅರಾಗೋ ಕೂಡಿ ಇದನ್ನು ದೃಢಪಡಿಸಿದರು. ಬೆಳಕಿನ ಅಲೆಯೂ ಧ್ವನಿಯ ಅಲೆಯಂತೆ ಸಾಗುವ ದಿಕ್ಕಿನಲ್ಲಿಯೇ ಹಿಂದುಮುಂದಾಗಿ ಕಂಪಿಸುತ್ತದೆಂದು ಎಲ್ಲರೂ ನಂಬಿದ್ದರು. ಅಂಥ ಅಲೆಗೆ ಬಲ ಎಡ ಎಂಬ ಭೇದವೇ ಇರುವಂತಿಲ್ಲ. ಹಗ್ಗದ ಒಂದು ತುದಿಯನ್ನು ಕಟ್ಟಿ ಇನ್ನೊಂದನ್ನು ಅಲುಗಿಸಿದಾಗ ಅಲೆ ಮುಂದೆ ಸಾಗುತ್ತದೆ, ಹಗ್ಗ ಅಡ್ಡಡ್ಡ ಆಡುತ್ತದೆ. ಬೆಳಕೂ ಇಂಥ ಅಡ್ಡತರಂಗವೇ ಎಂದು 1821ರಲ್ಲಿ ಫ್ರೆನೆಲ್ ಪ್ರಕಟಿಸಿದನು. ಆಂಪೇರ್ ಮತ್ತು ಯಂಗ್‌ಗೂ ಈ ವಿಚಾರ ಹೊಳೆದಿತ್ತು. ಅದನ್ನು ಕಡೆಯವರೆಗೂ ಹಿಡಿದು ಸಾಧಿಸಿದವನು ಫ್ರೆನೆಲ್. ಅಡ್ಡತರಂಗಗಳು ಘನವಸ್ತುಗಳಲ್ಲಿ ಮಾತ್ರ ಸಾಗಬಲ್ಲವು. ಹಾಗಾದರೆ ಜಗತ್ತನ್ನು ತುಂಬಿದೆಯೆಂದು ಊಹಿಸಿದ್ದ ಈಥರ್ ಎಂಬ ಮಾಧ್ಯಮವು ಉಕ್ಕಿನಂತೆ ಬಿಗಿಯಾಗಿದ್ದೂ ಗ್ರಹಗಳ ಚಲನೆಗೆ ಅಡ್ಡಿಯಾಗಬಾರದು! ಇದು ಆಪ್ತನಾದ ಅರಾಗೋವಿಗೂ ಅತಿಯಾಗಿ ಕಂಡಿತು. ಈ ಒಂದು ವಿಷಯದಲ್ಲಿ ಅವನು ಗೆಳೆಯನ ಜೊತೆಗೆ ತನ್ನ ಹೆಸರನ್ನು ಸೇರಿಸಲೊಪ್ಪಲಿಲ್ಲ. ಈಥರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜ್ಞಾನದಿಂದ ಮರೆಯಾಯಿತು, ಅಡ್ಡತರಂಗ ಉಳಿಯಿತು.

ಈ ಅಲೆಗಳು ಒಂದೆಡೆ ನಿಂತದ್ದನ್ನು ನೋಡುವ ಭಾಗ್ಯ ಬಹುಕಾಲದ ಮೇಲೆ ಒದಗಿತು. ವೀಣೆಯ ತಂತಿಯನ್ನು ಮೀಟಿದಾಗ ಮುಂದೆ ಹೋದ ಅಲೆಯು ಬಿಗಿದ ತುದಿಯಿಂದ ಹಿಂದಿರುಗಿ, ಎದುರು ಬರುವ ಅಲೆಯೊಡನೆ ಕೂಡುತ್ತದೆ. ಆಗ ಕೆಲವು ಬಿಂದುಗಳು ಸ್ವಲ್ಪವೂ ಅಲುಗದೆ ನಿಲ್ಲುತ್ತವೆ. ಅವುಗಳ ನಡುವಣ ಭಾಗ ರಭಸದಿಂದ ಕಂಪಿಸುತ್ತದೆ. ಇದು ಸ್ಥಾಯೀ ತರಂಗ. ಅಲುಗದ ಎರಡು ಬಿಂದುಗಳ ನಡುವಿನ ದೂರ ಅಲೆಯ ಉದ್ದದ ಅರ್ಧದಷ್ಟು. 1890ರಲ್ಲಿ ಜರ್ಮನಿಯ ಓಟೋ ವೀನರ್, ಕನ್ನಡಿಯ ಮೇಲೆ ಬಿದ್ದ ಬೆಳಕು ಮತ್ತು ಅಲ್ಲಿಂದ ಹಿಂದಿರುಗಿದ ಬೆಳಕು ಕೂಡಿ ಉಂಟುಮಾಡಿದ ಸ್ಥಾಯೀ ತರಂಗಗಳನ್ನು, ಅತಿ ತೆಳುವಾದ ಫೋಟೋ ಪೊರೆಯನ್ನು ಓರೆಯಾಗಿಟ್ಟು ಸೆರೆಹಿಡಿದನು. ಧ್ರುವೀಕೃತ ಬೆಳಕಿನ ಕಂಪನದ ದಿಕ್ಕನ್ನು ಕುರಿತು ಫ್ರೆನೆಲ್ ಮಾಡಿದ್ದ ಊಹೆಗೇ ಆ ಪ್ರಯೋಗವೂ ಬೆಂಬಲವಿತ್ತಿತು.

ಇಷ್ಟೆಲ್ಲ ಸಂಶೋಧನೆಯ ನಡುವೆ ಫ್ರೆನೆಲ್ಲನ ಜೀವನೋಪಾಯ ಎಂಜಿನಿಯರ್ ಕೆಲಸವೇ ಆಗಿತ್ತು. 1819ರಲ್ಲಿ ಅರಾಗೋವಿನ ಪ್ರಯತ್ನದಿಂದ ಅವನು ದೀಪಸ್ತಂಭಗಳ ಆಯೋಗಕ್ಕೆ ನೇಮಕಗೊಂಡನು. ಆ ಕಾಲದ ದೀಪಸ್ತಂಭಗಳಲ್ಲಿ ಎಣ್ಣೆಯ ದೀಪದ ಹಿಂದೆ ಲೋಹದ ಕನ್ನಡಿಗಳನ್ನಿರಿಸುತ್ತಿದ್ದರು. ಕನ್ನಡಿಯ ಮೇಲೆ ಬಿದ್ದ ಬೆಳಕಿನಲ್ಲಿ ಬಹುಭಾಗ ಅಲ್ಲಿಯೇ ಹಾಳಾಗುತ್ತಿತ್ತು. ಮಂಜು ಮುಸುಕಿದ ರಾತ್ರಿಗಳಲ್ಲಿ ದೀಪ ಕಾಣದೆ ಹಡಗುಗಳು ಬಂಡೆಗೆ ಬಡಿದು ಒಡೆಯುತ್ತಿದ್ದವು. ಕನ್ನಡಿಗೆ ಬದಲು ಮಸೂರವನ್ನು ಬಳಸಬೇಕೆಂದು ಫ್ರೆನೆಲ್ ಸೂಚಿಸಿದನು. ಆದರೆ ಅಷ್ಟು ದೊಡ್ಡ ಮಸೂರ ಮಧ್ಯದಲ್ಲಿ ತೀರ ದಪ್ಪವಾಗಿ, ಭಾರವೂ ಹೆಚ್ಚಾಗಿ, ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಬೆಳಕನ್ನು ಬಾಗಿಸುವುದು ಗಾಜಿನ ದಪ್ಪವಲ್ಲ, ಮೇಲ್ಮೈಯ ಓರೆ. ಒಳಗಿನ ಅನಾವಶ್ಯಕ ಗಾಜನ್ನು ಕಳೆದು, ನಡುವೆ ಒಂದು ಚಿಕ್ಕ ಮಸೂರವನ್ನೂ ಅದರ ಸುತ್ತ ಮೆಟ್ಟಿಲುಗಳಂತೆ ಗಾಜಿನ ಪಟ್ಟಕಗಳ ಉಂಗುರಗಳನ್ನೂ ಜೋಡಿಸಿದರೆ ಸಾಕೆಂದು ಅವನು ತೋರಿಸಿದನು. ಇಂಥದೇ ಆಲೋಚನೆ ಬಫನ್ ಎಂಬ ವಿದ್ವಾಂಸನಿಗೆ ಹಿಂದಿನ ಶತಮಾನದಲ್ಲಿಯೇ ಬಂದಿತ್ತೆಂದು ಆಯೋಗದ ಸಭೆಯಲ್ಲಿ ಯಾರೋ ನೆನಪಿಸಿದರು. ಪಾಪ, ಫ್ರೆನೆಲ್ಲನಿಗೆ ಇದು ಹೊಸ ಅನುಭವವೇನಲ್ಲ. ಆದರೆ ಸುಡುವ ಗಾಜಿಗಾಗಿ ಬಫನ್ ಯೋಚಿಸಿದ್ದನ್ನು ದೀಪಸ್ತಂಭಕ್ಕೆ ಒದಗಿಸಿ, ತುಣುಕುಗಳಿಂದ ಕಟ್ಟಿ ನಿಲ್ಲಿಸಿದ ಶ್ರೇಯಸ್ಸು ಫ್ರೆನೆಲ್ಲನದೇ.

ಫ್ರಾಂಸ್ವಾ ಸೊಲೇ ಎಂಬ ಕುಶಲಕರ್ಮಿಯು ಮಸೂರಗಳನ್ನು ತಯಾರಿಸಿದನು. 1822ರ ಆಗಸ್ಟ್ 20ರಂದು, ಇನ್ನೂ ಕಟ್ಟಿ ಮುಗಿಯದಿದ್ದ ಪ್ಯಾರಿಸ್ಸಿನ ವಿಜಯದ್ವಾರದ ಮೇಲೆ ಅದನ್ನಿರಿಸಿ ಬೆಳಗಿಸಿದಾಗ, 32 ಕಿಲೋಮೀಟರ್ ದೂರದಲ್ಲಿ ನಿಂತಿದ್ದ ದೊರೆ ಹದಿನೆಂಟನೆಯ ಲೂಯಿ ಮತ್ತು ಅವನ ಪರಿವಾರದವರು ಆ ಬೆಳಕನ್ನು ಕಂಡರು. 1823ರ ಜುಲೈ 25ರಂದು ಜಿರೋಂದ್ ನದಿಯ ಮುಖದಲ್ಲಿರುವ ಕೊರ್ದುವಾನ್ ದೀಪಸ್ತಂಭದಲ್ಲಿ ಫ್ರೆನೆಲ್ಲನ ದೀಪ ಮೊದಲ ಬಾರಿಗೆ ಸಮುದ್ರದ ಮೇಲೆ ಬೆಳಗಿತು. ಮಸೂರಗಳನ್ನು ಅಲ್ಲಿ ಕೂರಿಸುವ ಕೆಲಸವನ್ನು ಅವನೇ ಮುಂದೆ ನಿಂತು ಮಾಡಿಸಿದನು. ಮುಂದೆ ಪ್ರಪಂಚದ ಕಡಲತೀರಗಳಲ್ಲೆಲ್ಲ ಇದೇ ಬಗೆಯ ಮಸೂರಗಳು ಬಂದವು.

ಆ ವರ್ಷವೇ ಅಕಾಡೆಮಿಯು ಫ್ರೆನೆಲ್ಲನನ್ನು ಒಮ್ಮತದಿಂದ ಸದಸ್ಯನನ್ನಾಗಿ ಆರಿಸಿತ್ತು. ಆದರೆ ದೇಹ ಸೋಲುತ್ತಿತ್ತು. ಕೊರ್ದುವಾನಿನ ದೀಪ ಹೊತ್ತಿದ ಸ್ವಲ್ಪ ಕಾಲದಲ್ಲಿಯೇ ಕೆಮ್ಮಿನೊಡನೆ ರಕ್ತ ಕಾಣಿಸಿಕೊಂಡಿತು. ಆಗ ಕ್ಷಯಕ್ಕೆ ಮದ್ದಿರಲಿಲ್ಲ. ಪ್ರಯೋಗಗಳ ಖರ್ಚಿಗೆ ಸ್ವಂತ ಹಣವನ್ನೇ ಹಾಕಬೇಕಾಗಿದ್ದುದರಿಂದ ಅವನು ಪಾಲಿಟೆಕ್ನಿಕ್ ವಿದ್ಯಾಲಯದ ಪರೀಕ್ಷಕನ ಕೆಲಸವನ್ನೂ ವಹಿಸಿಕೊಂಡಿದ್ದನು. 1824ರ ಹೊತ್ತಿಗೆ ಅದನ್ನು ಬಿಡಬೇಕಾಯಿತು. ಉಳಿದ ಶಕ್ತಿಯನ್ನೆಲ್ಲ ಅವನು ದೀಪಸ್ತಂಭಗಳಿಗೆ ಮೀಸಲಿಟ್ಟನು. ಬೆಳಕನ್ನು ಕುರಿತು ಮನಸ್ಸಿನಲ್ಲಿ ಹೊಳೆಯುತ್ತಿದ್ದ ಎಷ್ಟೋ ವಿಚಾರಗಳು ಹಾಗೆಯೇ ನಿಂತವು. ನಾವಿಕರ ಪ್ರಾಣರಕ್ಷಣೆಯೋ, ಜ್ಞಾನದ ಬೆಳವಣಿಗೆಯೋ ಎಂಬ ಆಯ್ಕೆಯಲ್ಲಿ ಅವನು ಮೊದಲನೆಯದನ್ನು ಆರಿಸಿಕೊಂಡನೆನ್ನಬಹುದು. ಸರ್ಕಾರಿ ಕರ್ತವ್ಯವೆಂಬ ನಿಷ್ಠೆಯೂ ಅದರಲ್ಲಿ ಸೇರಿತ್ತು.

1827ರ ಜೂನ್ ತಿಂಗಳಲ್ಲಿ ಅವನನ್ನು ಪ್ಯಾರಿಸ್ಸಿನ ಹೊರವಲಯದ ವಿಲ್ ದಾವ್ರೆ ಎಂಬ ಊರಿಗೆ ಸಾಗಿಸಿದರು. ತಾಯಿ ಬಂದು ಶುಶ್ರೂಷೆಗೆ ನಿಂತಳು. ಲಂಡನ್ನಿನ ರಾಯಲ್ ಸೊಸೈಟಿಯು ಅವನಿಗೆ ರಮ್‌ಫರ್ಡ್ ಪದಕವನ್ನಿತ್ತು ಗೌರವಿಸಿತ್ತು. ಅದನ್ನು ತಲುಪಿಸುವ ಏರ್ಪಾಡು ಮಾಡಿದವನು ಯಂಗ್. ಜುಲೈ 6ರಂದು ಹಾಸಿಗೆಯ ಬಳಿಗೆ ತಂದುಕೊಟ್ಟವನು ಅರಾಗೋ. ಪದಕವನ್ನು ನೋಡಿ ಸಂತೋಷಪಡುವ ಸ್ಥಿತಿಯನ್ನು ರೋಗಿಯು ದಾಟಿದ್ದನು. ಎಂಟು ದಿನಗಳ ಬಳಿಕ, 1827ರ ಜುಲೈ 14ರಂದು, ಫ್ರೆನೆಲ್ ತೀರಿಕೊಂಡನು. ಆಗ ಅವನ ವಯಸ್ಸು ಮೂವತ್ತೊಂಬತ್ತು. ದೀಪಸ್ತಂಭಗಳ ಕೆಲಸವನ್ನು ಅವನ ತಮ್ಮ ಲಿಯೋನಾರ್ ಮುಂದುವರಿಸಿದನು. ಅಣ್ಣನ ಬರಹಗಳೆಲ್ಲವೂ ಮೂರು ಸಂಪುಟಗಳಾಗಿ ಅಚ್ಚಾಗಿ ಮುಗಿಯುವ ವೇಳೆಗೆ 1870 ಬಂದಿತ್ತು.

ಅಲೆಯೋ ಕಣವೋ ಎಂಬ ವಿವಾದಕ್ಕೆ ಒಂದು ಕೊನೆಯ ಪರೀಕ್ಷೆ ಉಳಿದಿತ್ತು. ಬೆಳಕು ಕಣವಾದರೆ ಅದು ನೀರಿನಲ್ಲಿ ಗಾಳಿಗಿಂತ ವೇಗವಾಗಿ ಓಡಬೇಕು. ಅಲೆಯಾದರೆ ನಿಧಾನವಾಗಿ ಸಾಗಬೇಕು. ಈ ಪರೀಕ್ಷೆಯನ್ನು ತಿರುಗುವ ಕನ್ನಡಿಯಿಂದ ನಡೆಸುವ ಯೋಜನೆಯನ್ನು ಅರಾಗೋ 1838ರಲ್ಲಿ ಅಕಾಡೆಮಿಯ ಮುಂದಿಟ್ಟನು. ಉಪಕರಣ ಕೈಗೂಡುವ ವೇಳೆಗೆ ಅವನ ದೃಷ್ಟಿ ಮಂದವಾಗಿಹೋಯಿತು. ನೆರಳಿನ ನಡುವಿನ ಚುಕ್ಕೆಯನ್ನು ಕಂಡಿದ್ದ ಕಣ್ಣುಗಳಿಗೆ ಈ ಪ್ರಯೋಗವನ್ನು ನೋಡುವ ಶಕ್ತಿ ಉಳಿದಿರಲಿಲ್ಲ. ಕೆಲಸವನ್ನು ಅವನು ಕಿರಿಯರಿಗೆ ಬಿಟ್ಟುಕೊಟ್ಟನು. 1850ರಲ್ಲಿ ಫೂಕೋ ಪ್ರಯೋಗವನ್ನು ನಡೆಸಿ, ಬೆಳಕು ನೀರಿನಲ್ಲಿ ನಿಧಾನವಾಗಿ ಸಾಗುತ್ತದೆಂದು ವರದಿಮಾಡಿದನು. ಅರಾಗೋ ಆ ಸುದ್ದಿಯನ್ನು ಕಿವಿಯಾರ ಕೇಳಿದನು.